ಮುದ್ದಮ್ಮನ ಜಾಲಿ ಬೀಜ

ಮುದ್ದಮ್ಮ ಕೈಗೆ ಯಾವ ಬೀಜ ಸಿಕ್ಕಿದರೂ ಮೊದಲು ಕಚ್ಚಿ ನೋಡುತ್ತಿದ್ದಳು. ಜಾಲಿ ಬೀಜ ಕಚ್ಚಿದಾಗ ಮಾತ್ರ ದವಡೆ ಉಜ್ಜಿಕೊಂಡು, "ಇದು ಬಲೇ ಮೊಂಡು ಕಣವ್ವ. ಎಬ್ಬಿಸ್ದೆ ಏಳಾಕಿಲ್ಲ," ಎನ್ನುತ್ತಿದ್ದಳು.

ನಲವತ್ತೆರಡನೇ ಇಸವಿ. ನಮ್ಮ ಯಜಮಾನರು ಪಂಚಾಕ್ಷರಯ್ಯನವರು ಚನ್ನರಾಯಪಟ್ಟಣದಾಚೆಯ ಒಂದು ಸಸಿತೋಟದ ಮೇಲ್ವಿಚಾರಕರು. ದಂಡಿಗನಹಳ್ಳಿಯ ಮುದ್ದಮ್ಮ ಅಲ್ಲಿ ನೀರು ಹೊಯ್ಯುವವಳು. ನಾನು ಮೈಸೂರಿನಲ್ಲಿ ಓದಿದವಳು, ಕಂಕುಳಲ್ಲಿ ಎಂಟು ತಿಂಗಳ ಪ್ರೇಮಕುಮಾರಿ. ಮಗು ಮಣ್ಣು ಮುಟ್ಟಿದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಆ ವರ್ಷ ಬಿತ್ತಿದ ಜಾಲಿಯಲ್ಲಿ ನೂರಕ್ಕೆ ಹತ್ತೂ ಮೊಳೆಯಲಿಲ್ಲ. ಎದ್ದವೂ ಒಂದು ಗೇಣುದ್ದ, ಇನ್ನೊಂದು ಬೆರಳುದ್ದ. ನೀರು ಸಾಲದೆಂದು ಎಲ್ಲರೂ ಮುದ್ದಮ್ಮನನ್ನೇ ಹಿಡಿದರು. ಹೊಸದಾಗಿ ಬಿತ್ತುವ ಮಡಿ ಹದಿನೈದು ದಿನದಲ್ಲಿ ಹಸಿರಾಗದಿದ್ದರೆ ಕೆಲಸ ಬಿಡಬೇಕೆಂದು ನಮ್ಮವರು ಹೇಳಿಬಿಟ್ಟರು.

ಅವಳು ಬೀಜದ ಮಡಕೆ ಹಿಡಿದು ನಮ್ಮ ಹಿತ್ತಲಿಗೆ ಬಂದಳು. "ಮಗೀಗೆ ನೀರು ಕಾಯಿಸ್ತೀರಲ್ಲ, ಒಂದು ಚೆಂಬು ಕೊಡಿ. ಮ್ಯಾಲೆ ಉಯ್ದು ನಾಳೆಗಂಟ ಬುಟ್ರೆ ಸಿಪ್ಪೆ ಸಡಿಲಾಯ್ತದೆ."

"ನೀರಿನ್ನೂ ಕಾದಿಲ್ಲ. ಮಡಕೆ ಇಟ್ಟು ಹೋಗು, ನಾನೇ ಹಾಕ್ತೀನಿ," ಎಂದೆ.

ಸೆರಗಿನ ಗಂಟಿನಲ್ಲಿ ಇನ್ನೊಂದು ಹಿಡಿ ಬೀಜವಿತ್ತು. ಅವಳ ಅಣ್ಣ ಲಕ್ಕಯ್ಯನ ಮೇಕೆ ದೊಡ್ಡಿಯಲ್ಲಿ ಆರಿಸಿದ್ದಂತೆ. "ಮ್ಯಾಕೆ ಕಾಯಿ ತಿಂತದೆ, ಮೆಲುಕಾಕ್ವಾಗ ಬೀಜ ಉಗೀತದೆ. ಅರ್ಧ ಕೆಲಸ ಅದೇ ಮಾಡ್ಬುಟ್ಟಿರ್ತದೆ."

ನಾನು ಮಗುವನ್ನು ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ. ಮರುದಿನ ನಾನು ಕೊಟ್ಟ ಮಡಕೆಯ ಬೀಜವನ್ನು ಮಡಿಯ ನಡುವೆ ಬಿತ್ತಿ, ಮೇಕೆ ಉಗಿದದ್ದನ್ನು ಅವಳು ಅಂಚಿಗೆ ಒಂದೇ ಸಾಲು ಹಾಕಿದಳು.

ಹನ್ನೊಂದನೇ ದಿನ ಹೋಗಿ ನೋಡಿದರೆ ಅಂಚಿನ ಸಾಲು ಒಂದೇ ಎತ್ತರಕ್ಕೆ ಎದ್ದಿದೆ. ನನ್ನ ತಲೆಪಿನ್ನಿನಿಂದ ಅಳೆದೆ. ಒಂದೊಂದೂ ಪಿನ್ನಿಗೆ ಸರಿಸಮ. ಮೇಕೆಯ ಬಾಯಲ್ಲಿ ಅಂಥದ್ದೇನಿದೆ? ಮಡಿಯ ನಡುವೆ ಮಾತ್ರ ಬರೀ ಮಣ್ಣು. ಕುತೂಹಲ ತಡೆಯದೆ ಒಂದು ಬೀಜ ಕೆದಕಿ ಹಿಸುಕಿದೆ. ಬೇಳೆಯ ಹಾಗೆ ಪಿಚಕ್ಕೆಂದಿತು.

ಹಿಂದೆ ಮುದ್ದಮ್ಮ ನಿಂತಿದ್ದಳು. "ಬೆಂದೋಗ್ಯದೆ," ಎಂದಳು. ಬಿಂದಿಗೆ ಎತ್ತಿಕೊಂಡು ಹೋದಳು.

ಕಾದ ನೀರು ಮೇಲೆ ಹೊಯ್ದರೆ ಸಾಕೆಂದಿದ್ದಳು. ನಾನು ಬೀಜವನ್ನೇ ಒಲೆಯ ಮೇಲಿಟ್ಟು ಅರ್ಧ ಗಂಟೆ ಕುದಿಸಿದ್ದೆ. ಮಗುವಿನ ಹಾಲುಶೀಸೆಯನ್ನು ಹಾಗೇ ಕುದಿಸುತ್ತಿದ್ದೆ. ಕುದಿಸಿದಷ್ಟೂ ಒಳ್ಳೆಯದೆಂದು ಕೈ ಕಲಿತಿತ್ತು.

ಹದಿನೈದನೇ ದಿನ ನಮ್ಮವರು ಮಡಿಯ ಮುಂದೆ ನಿಂತರು. "ಏನ್ ಹೇಳ್ತೀಯ ಮುದ್ದಮ್ಮ?"

"ಏನೇಳ್ಲಿ ಸಾ," ಎಂದಳು. ನನ್ನ ಕಡೆ ತಿರುಗಲೂ ಇಲ್ಲ. ಒಂದು ಮಾತು ಹೇಳಿದ್ದರೆ ಅವಳ ಕೆಲಸ ಉಳಿಯುತ್ತಿತ್ತು.

"ಬೀಜ ಬೇಯಿಸಿದ್ದು ನಾನು," ಎಂದೆ. "ಅರ್ಧ ಗಂಟೆ."

ಅವರು ಮಣ್ಣನ್ನು ನೋಡಿದರು, ನನ್ನನ್ನು ನೋಡಿದರು. "ಹುಳಿ ಮಾಡೋಣಾಂತಿದ್ಯಾ?"

ಮುದ್ದಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಭುಜ ಕುಲುಕುತ್ತಿತ್ತು. ಅಂಚಿನ ಸಾಲು ಲಕ್ಕಯ್ಯನ ಮೇಕೆ ಉಗಿದ ಬೀಜದ್ದೆಂದು ನಾನು ಹೇಳಿದೆ. ಅವರು ಆ ಸಾಲಿನ ಮುಂದೆ ಕೂತು ನೋಡಿ, "ನಿಮ್ಮಣ್ಣನ ದೊಡ್ಡೀಲಿ ಇನ್ನೆಷ್ಟು ಸಿಗುತ್ತೆ?" ಎಂದು ಕೇಳಿದರು.

"ಬುಟ್ಟಿಗಟ್ಲೆ ಸಾ. ಮಿಕ್ಕಿರೋ ಬೀಜಕ್ಕೂ ಬಿಸ್ನೀರುಯ್ದು ಆಕ್ತೀನಿ."

"ಆಗಲಿ, ನಾಳೆಯಿಂದ ಅದೇ ಮಾಡು," ಎಂದರು.

ಮರುದಿನ ಬೆಳಿಗ್ಗೆ ಅವಳು ಹಿತ್ತಲ ಬಾಗಿಲಿಗೆ ಚೆಂಬು ಹಿಡಿದು ಬಂದಳು. "ನೀರು ಒಲೆಯಿಂದ ಇಳಿಸಿ ಕೊಡಿ ಕಣವ್ವ," ಎಂದಳು. "ಬೀಜ ನನ್ತಾವೇ ಇರ್ಲಿ."