ಸೆಮಿಫೈನಲ್‌ಗೆ ಬಾರದ ಕೋಚ್

ನಲವತ್ತೊಂದನೇ ವಯಸ್ಸಿನಲ್ಲಿ ನಾನು ಫುಟ್‌ಬಾಲ್ ಆಡಲು ಶುರುಮಾಡಿದೆ. ಮೆಲ್ಬರ್ನ್‌ನ ಟಾರ್ನೀಟ್ ಬಡಾವಣೆಯ ನಮ್ಮ ಮನೆ ಹತ್ತಿರದ ಮೈದಾನದಲ್ಲಿ ಮೂವತ್ತೈದು ದಾಟಿದ ಹೆಂಗಸರ ಟೀಮ್ ಕಟ್ಟುತ್ತಿದ್ದಾರೆಂದು ತಿಳಿದು, ತೂಕ ಇಳಿಸೋಣ ಅಂತ ಹೋದವಳು ನಾನು. ಮೈಸೂರಿನಲ್ಲಿ ಕಾಲೇಜು ಮುಗಿಸುವವರೆಗೂ ಥ್ರೋಬಾಲ್ ಬಿಟ್ಟು ಬೇರೇನೂ ಆಡಿರಲಿಲ್ಲ.

ನಮ್ಮ ಕೋಚ್ ಇಟಲಿಯವರು. ಡ್ಯಾಂಡಿನಾಂಗ್‌ನ ಒಂದು ಟೈಲ್ಸ್ ಗೋಡೌನಿನಲ್ಲಿ ಕೆಲಸ. ಬುಧವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಇಡೀ ಮೆಲ್ಬರ್ನ್ ದಾಟಿ ಕಾರಿನಲ್ಲಿ ಬರುತ್ತಿದ್ದರು. ಹದಿನೈದು ವರ್ಷ ಅವರು ತಮ್ಮ ದೇಶದಲ್ಲಿ ಸಂಬಳಕ್ಕೆ ಆಡಿದ್ದ ಡಿಫೆಂಡರ್. ಎದುರಾಳಿಯನ್ನು ಗೋಲಿನ ಹತ್ತಿರ ಬಿಡದೆ ತಡೆಯುವುದೇ ಅವರ ಕಸುಬಾಗಿತ್ತು. ನನ್ನನ್ನೂ ಡಿಫೆಂಡರ್ ಮಾಡಿದರು.

"ಚೆಂಡು ನೋಡಬೇಡಿ, ಅವಳ ಸೊಂಟ ನೋಡಿ. ಕಾಲು ಸುಳ್ಳು ಹೇಳುತ್ತೆ, ಕಣ್ಣೂ ಸುಳ್ಳು ಹೇಳುತ್ತೆ. ಸೊಂಟ ಹೇಳಲ್ಲ" ಎನ್ನುತ್ತಿದ್ದರು.

ಯಾವಾಗ ಮುಂದೆ ಹೋಗಬೇಕು, ಯಾವಾಗ ನಿಲ್ಲಬೇಕು ಎಂದು ಅವರು ಗೆರೆಯಾಚೆಯಿಂದ ಕೂಗುತ್ತಿದ್ದರು. ಆ ಕೂಗಿನ ಮೇಲೆ ನನ್ನ ಕಾಲುಗಳು ನಡೆಯುತ್ತಿದ್ದವು. ಎರಡು ವರ್ಷದಲ್ಲಿ ನನ್ನನ್ನು ದಾಟಿ ಹೋಗುವುದು ಅಷ್ಟು ಸುಲಭವಲ್ಲ ಎಂಬ ಹೆಸರು ಬಂತು.

ಪ್ರಾಕ್ಟೀಸ್ ಮುಗಿದ ಮೇಲೆ ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡುತ್ತಿದ್ದೆ. ಒಮ್ಮೆ ಕುಡಿಯುತ್ತಾ ತಮ್ಮ ಕಥೆ ಹೇಳಿದರು. ಹದಿನಾರಕ್ಕೆ ಮನೆ ಬಿಟ್ಟಿದ್ದರು. ಹನ್ನೊಂದು ವರ್ಷ ಒಂದೇ ಕ್ಲಬ್. ಅದರಲ್ಲಿ ಆರು ವರ್ಷ ಕ್ಯಾಪ್ಟನ್. ದೊಡ್ಡ ಲೀಗಿನಲ್ಲಿ ಆಡಿದ್ದು ಒಂದೇ ಸೀಸನ್. ಒಂದು ದಿನ ಪ್ರಾಕ್ಟೀಸಿಗೆ ಹೋದರೆ ಅವರ ಕಪಾಟಿನಲ್ಲಿ ಬೇರೆ ಯಾರದೋ ಬೂಟುಗಳಿದ್ದವು. ಬಟ್ಟೆ ನೋಡಿಕೊಳ್ಳುತ್ತಿದ್ದ ಮುದುಕ ತಲೆ ತಗ್ಗಿಸಿಕೊಂಡು, ಇವರ ಸಾಮಾನನ್ನು ಕಸದ ಚೀಲದಲ್ಲಿ ತುಂಬಿ ಕೊಟ್ಟ. ಕ್ಲಬ್ಬು ಅವರನ್ನು ಇನ್ನೊಂದು ಊರಿಗೆ ಮಾರಿತ್ತು. ಅಧ್ಯಕ್ಷ ಎದುರಿಗೇ ಬರಲಿಲ್ಲವಂತೆ. ಆಮೇಲೆ ಎರಡು ಸಣ್ಣ ಕ್ಲಬ್ಬುಗಳು, ಮಂಡಿಯ ಆಪರೇಷನ್, ಹೆಂಡತಿಯ ಕಡೆಯವರಿದ್ದ ಮೆಲ್ಬರ್ನ್.

"ಒಂದು ಮಾತು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು" ಎಂದರು.

ಮೂರನೇ ವರ್ಷ ನಾವು ಸೆಮಿಫೈನಲ್ ತಲುಪಿದೆವು. ಅದೇ ಭಾನುವಾರ ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ನನ್ನ ತಂಗಿಯ ಗೃಹಪ್ರವೇಶ. ಟಿಕೆಟ್ ಬುಕ್ ಆಗಿತ್ತು. ಕೋಚ್‌ಗೆ ಹೇಳಿದೆ. ಅವರು ಬೇಡ ಎನ್ನಲಿಲ್ಲ. "ನೀವಿಲ್ಲದಿದ್ದರೆ ನನ್ನ ಡಿಫೆನ್ಸಿಗೆ ಬಾಗಿಲೇ ಇಲ್ಲ" ಎಂದಷ್ಟೇ ಅಂದರು. ನಾನು ತಂಗಿಗೆ ಫೋನ್ ಮಾಡಿ, ಬರಕ್ಕಾಗಲ್ಲ ಕಣೇ ಅಂದೆ. ಅವಳು ಫೋನಿಟ್ಟಳು.

ಭಾನುವಾರ ಎಂಟೂವರೆಗೆ ನಾವೆಲ್ಲ ಮೈದಾನದಲ್ಲಿದ್ದೆವು. ಒಂಬತ್ತಾದರೂ ಕೋಚ್ ಇಲ್ಲ. ಫೋನ್ ಸ್ವಿಚ್ ಆಫ್. ಆಕ್ಸಿಡೆಂಟ್ ಏನಾದರೂ ಆಯಿತೋ ಎಂದು ಮತ್ತೆ ಮತ್ತೆ ಫೋನ್ ಮಾಡಿದೆ. ಅಷ್ಟರಲ್ಲಿ ನಮ್ಮ ಗೋಲ್‌ಕೀಪರ್, ಸ್ಕೂಲ್ ಬಸ್ ಓಡಿಸುವ ಸಮೋವಾದ ಹೆಂಗಸು, ತನ್ನ ಫೋನ್ ನನ್ನ ಮುಂದೆ ಹಿಡಿದಳು. ಸಿಡ್ನಿಯ ಒಂದು ಕ್ಲಬ್ ಹಿಂದಿನ ದಿನ ಹಾಕಿದ್ದ ಫೋಟೊ. ಅಲ್ಲಿನ ಹೊಸ ಅಸಿಸ್ಟೆಂಟ್ ಕೋಚ್ ಎಂದು ನಮ್ಮ ಕೋಚ್ ಆ ಕ್ಲಬ್ಬಿನ ಸ್ಕಾರ್ಫ್ ಎತ್ತಿ ಹಿಡಿದು ನಗುತ್ತಿದ್ದ. ಮೂರು ವರ್ಷ ನಾನು 'ಅವರು' ಎಂದೇ ಯೋಚಿಸಿದ್ದ ಮನುಷ್ಯ ಆ ಕ್ಷಣ ನನ್ನ ತಲೆಯಲ್ಲಿ 'ಅವನು' ಆದ.

ಆದರೂ ಆಡಿದೆವು, ಸೋತೆವು. ಒಂದು ಗೋಲು ನನ್ನ ತಪ್ಪಿನಿಂದಲೇ ಹೋಯಿತು. ಎದುರಾಳಿ ಚೆಂಡು ತಂದಾಗ ನಾನು ಅಭ್ಯಾಸಬಲದಿಂದ ಕೂಗಿಗಾಗಿ ಕಾದೆ. ಗೆರೆಯಾಚೆ ಯಾರೂ ಇರಲಿಲ್ಲ. ಅವಳು ನನ್ನ ಪಕ್ಕದಲ್ಲೇ ದಾಟಿ ಹೋದಳು. ಮನೆಗೆ ಬಂದು ಬೂಟು ಬಿಚ್ಚದೆ ಅತ್ತೆ. "ಒಂದು ಆಟಕ್ಕೆ ಇಷ್ಟೊಂದಾ?" ಎಂದರು ನಮ್ಮೆಜಮಾನರು. ಆಟಕ್ಕಲ್ಲ ಎಂದು ಅವರಿಗೆ ವಿವರಿಸುವ ಶಕ್ತಿ ಇರಲಿಲ್ಲ.

ತಿಂಗಳ ಮೇಲೆ ಸೀರೆ, ಬೆಳ್ಳಿ ದೀಪ ಹಿಡಿದು ಸಿಡ್ನಿಗೆ ಹೋದೆ. ತಂಗಿ ಬಾಗಿಲು ತೆಗೆದು, ಊಟಕ್ಕೆ ಬಡಿಸಿದಳು. ಮಾತು ಮಾತ್ರ ಅಳೆದು ಆಡಿದಳು. ಶನಿವಾರ ಮಧ್ಯಾಹ್ನ ನಾನು ಕೇಳಿದ್ದಕ್ಕೆ ಕಾರು ತೆಗೆದು ಆ ಕ್ಲಬ್ಬಿನ ಮೈದಾನಕ್ಕೆ ಕರೆದೊಯ್ದಳು.

ನನ್ನನ್ನು ಕಂಡು ಅವನು ಬೇಲಿಯ ಹತ್ತಿರ ಬಂದ. ನಗಲು ನೋಡಿದ, ಆಗಲಿಲ್ಲ.

"ಒಂದು ಮಾತು ಹೇಳಬಾರದಿತ್ತಾ, ಕೋಚ್?"

"ಗುರುವಾರ ಕರೆದರು, ಶುಕ್ರವಾರವೇ ಬರಬೇಕು ಅಂದರು. ಹತ್ತು ವರ್ಷದಿಂದ ಟೈಲ್ಸ್ ಹೊತ್ತಿದ್ದೀನಿ. ಇಂಥ ಕೆಲಸ ನನಗೆ ಇನ್ನೊಂದು ಸಲ ಸಿಗ್ತಿರಲಿಲ್ಲ."

"ಹೋಗಬೇಡಿ ಅಂತಿರಲಿಲ್ಲ. ಶನಿವಾರ ಫೋನ್ ಇತ್ತಲ್ಲ ನಿಮ್ಮ ಹತ್ತಿರ? ಆ ಕಪಾಟಿನ ಕಥೆ ನೀವೇ ಹೇಳಿದ್ದು."

ಅವನು ಹುಲ್ಲು ನೋಡುತ್ತಾ ನಿಂತ. "ಆಗ ಆ ಅಧ್ಯಕ್ಷ ಕೆಟ್ಟವನು ಅಂದುಕೊಂಡಿದ್ದೆ. ಪಾಪ, ಹೆದರಿದ್ದ ಅಷ್ಟೇ ಅಂತ ಈಗ ಅನ್ನಿಸುತ್ತೆ."

ಆ ಉತ್ತರ ನನ್ನನ್ನು ಇನ್ನೂ ಸುಟ್ಟಿತು. ತನ್ನನ್ನು ತಾನು ಕ್ಷಮಿಸಿಕೊಳ್ಳಲು ಆ ಅಧ್ಯಕ್ಷನನ್ನೂ ಕ್ಷಮಿಸಿಬಿಟ್ಟಿದ್ದ. ಯಾರೋ ಒಳಗಿನಿಂದ ಕರೆದರು. ಬೇಲಿಯ ಕಂಬಿಯನ್ನು ಒಮ್ಮೆ ತಟ್ಟಿ ಹೊರಟುಹೋದ.

ಕಾರಿನಲ್ಲಿ ತಂಗಿ ಕೇಳಿದಳು: "ಸಾರಿ ಕೇಳಿದ್ನಾ?"

"ಇಲ್ಲ."

ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಅವಳು ರಸ್ತೆ ನೋಡುತ್ತಲೇ ಅಂದಳು, "ನೀನ್ ನನ್ನ ಕೇಳಿದ್ಯಾ, ಅಕ್ಕ? ಸೀರೆ ತಂದೆ. ದೀಪ ತಂದೆ."

ಹಸಿರು ದೀಪ ಬರುವ ಮೊದಲೇ ಸಾರಿ ಕೇಳಿದೆ. ಅವಳು ಕಣ್ಣೊರೆಸಿಕೊಂಡು ಗೇರ್ ಹಾಕಿದಳು. ಮನೆಗೆ ಹೋದ ಮೇಲೆ ಅಂದಿನ ಪೂಜೆಯ ವಿಡಿಯೊ ಪೂರ್ತಿ ಹಾಕಿ ತೋರಿಸಿದಳು. ಎರಡೂವರೆ ಗಂಟೆ, ಪುರೋಹಿತರ ಕೆಮ್ಮಿನ ಸಮೇತ.

ಮುಂದಿನ ಸೀಸನ್‌ಗೆ ಕೋಚ್ ಸಿಗಲಿಲ್ಲ. ಗೋಲ್‌ಕೀಪರ್ ಮತ್ತು ನಾನು ಸೇರಿ ಟೀಮ್ ನಡೆಸಿದೆವು, ಐದನೇ ಸ್ಥಾನಕ್ಕೆ ಬಂದೆವು. ನಡುವೆ ಅವನಿಂದ ನನಗೊಂದು ಮೆಸೇಜ್ ಬಂತು: ಎಲ್ಲರೂ ಹೇಗಿದ್ದೀರಿ? ಓದಿದೆ. ಉತ್ತರ ಬರೆಯಲು ಇವತ್ತಿಗೂ ಮನಸ್ಸು ಬಂದಿಲ್ಲ.