ಎರಡು ಮನೆಯ ಹೂಂ

ದೇವನಹಳ್ಳಿಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಪ್ರೆಸ್ಸು ಇದೆ. ಹೊಟ್ಟೆಪಾಡಿಗೆ ಮದುವೆ ಪತ್ರಿಕೆ, ತಿಥಿ ಕಾರ್ಡು, ಬಿಲ್ ಬುಕ್ಕು. ಅದರಲ್ಲಿ ಉಳಿದದ್ದನ್ನು ಹಾಕಿ ಶಾಂತಿ, ಧ್ಯಾನ, ತತ್ವಪದ, ಊರದೇವರುಗಳ ಕಥೆ ಅಂತ ಸಣ್ಣ ಸಣ್ಣ ಪುಸ್ತಕ ಮಾಡುತ್ತೇನೆ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೇಷ್ಟ್ರ ಮೇಲೆ ಸ್ಲೇಟು ಎಸೆದು ಓಡಿಬಂದ ಅಂತ ಊರಿನವರು ಹೇಳುತ್ತಾರೆ. ಎಸೆದದ್ದು ನಿಜ, ಆದರೆ ತಗುಲಲಿಲ್ಲ.

ಇಂಥವನಿಗೆ ಶಾಂತಿಯ ಹುಚ್ಚು ಯಾಕೆ ಹಿಡಿಯಿತೋ ನನಗೇ ಗೊತ್ತಿಲ್ಲ. ಬೊಕ್ಕತಲೆಯವನು ಬಾಚಣಿಗೆ ಅಂಗಡಿ ಇಟ್ಟ ಹಾಗೆ ಅಂದುಕೊಳ್ಳಿ. ಕೋಪ ತಡೆಯುವ ಬಗ್ಗೆ ನಾವು ಮಾಡಿದ ಪುಸ್ತಕ ಮಿಶನ್ನಿನಿಂದ ಇಳಿಯುತ್ತಿದ್ದ ದಿನವೇ ಪೇಪರ್ ತಂದ ಆಟೋದವನ ಕೊರಳಪಟ್ಟಿ ಹಿಡಿದಿದ್ದೆ. ಬಿಡಿಸಲು ಬಂದ ನನ್ನ ಹೆಂಡತಿ ಮುತ್ತಮ್ಮ, ಇನ್ನೂ ಹಸಿಯಾಗಿದ್ದ ಒಂದು ಪ್ರತಿಯನ್ನು ಆಟೋದವನ ಕೈಗೆ ಕೊಟ್ಟು, ನಮ್ಮೋರು ಓದಲ್ಲ, ನೀನಾದ್ರೂ ಓದ್ಕೋ ತಂದೆ ಅಂತ ಕಳಿಸಿದಳು.

ವಿಮಾನ ನಿಲ್ದಾಣಕ್ಕೆ ದೇವನಹಳ್ಳಿ ಪಕ್ಕದ ನಮ್ಮೂರ ಜಮೀನು ಹೋಗಿ, ಊರೇ ಎದ್ದು ಹೋಗಬೇಕಾಗಿ ಬಂದ ಕಾಲ. ಊರಮ್ಮನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಬಲ್ಲವಳು ಒಬ್ಬಳೇ ಉಳಿದಿದ್ದಳು, ಸೊಣ್ಣಮ್ಮ. ನನಗೆ ವರಸೆಯಲ್ಲಿ ಸೋದರತ್ತೆ. ಅವಳು ಅನುಗೊಂಡನಹಳ್ಳಿಯಲ್ಲಿದ್ದ ಮೊಮ್ಮಗಳ ಮನೆಗೆ ಹೊರಟು ನಿಂತಿದ್ದಳು. ಗುಡಿ ಹೋಗುತ್ತೆ, ಊರು ಹೋಗುತ್ತೆ, ಕಥೆಯಾದರೂ ಪುಸ್ತಕದಲ್ಲಿ ಇರಲಿ ಅಂತ ನಾನು ಟೇಪ್ ರೆಕಾರ್ಡರ್ ಹಿಡಿದು ಹೋದೆ. ಸೊಣ್ಣತ್ತೆ ಟೇಪ್ ನೋಡಲಿಲ್ಲ. ನನ್ನ ಪಕ್ಕದ ಖಾಲಿ ಜಾಗ ನೋಡಿದಳು.

“ಮೇಗಳ ಮನೆಯೋರು ಎಲ್ಲಿ?”

ನಮ್ಮೂರ ಪದ್ಧತಿ ಹಾಗೆ. ಅಮ್ಮನ ಕಥೆ ಹೇಳಬೇಕಾದರೆ ನಮ್ಮ ಮನೆತನದ ಎರಡು ಕವಲಿನಿಂದ, ಮೇಗಳ ಮನೆಯವನೊಬ್ಬ, ಕೆಳಗಳ ಮನೆಯವನೊಬ್ಬ ಎದುರಿಗೆ ಕೂತು ಹೂಂಗುಟ್ಟಬೇಕು. ಒಂದೇ ಮನೆಯ ಹೂಂಗೆ ಅಮ್ಮ ಬಾಯಿ ಬಿಡುವುದಿಲ್ಲ. ಕೆಳಗಳ ಮನೆಗೆ ನಾನಿದ್ದೆ. ಮೇಗಳ ಮನೆಗೆ ಉಳಿದಿದ್ದವನು ರಾಮಾಂಜಿನಪ್ಪ. ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕು. ಅವನಿಗೂ ನನಗೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಾರಣ ನಮ್ಮಿಬ್ಬರ ಹೊಲದ ನಡುವಿನ ಬದು. ಅವನು ಒತ್ತಿದ ಅಂತ ನಾನು, ನಾನು ಒತ್ತಿದೆ ಅಂತ ಅವನು. ಈಗ ಅಲ್ಲಿ ಬುಲ್ಡೋಜರ್ ಓಡಾಡಿ ಬದುವೂ ಇಲ್ಲ, ಹೊಲವೂ ಇಲ್ಲ. ನಾವಿಬ್ಬರು ಮಾತ್ರ ಆ ಬದುವಿನ ಆಚೆ ಒಬ್ಬ ಈಚೆ ಒಬ್ಬ ಇನ್ನೂ ನಿಂತೇ ಇದ್ದೆವು.

ಅವನನ್ನು ಕರೆಯುವುದಕ್ಕಿಂತ ಉಪಾಯ ಮಾಡುವುದು ಸುಲಭ ಅನ್ನಿಸಿತು. ಅತ್ತೆಗೆ ಕಣ್ಣು ಮಂಜು. ಮಾರನೆ ದಿನ ಸಂಜೆಗತ್ತಲಲ್ಲಿ ಹೋಗಿ, ಅವನೂ ಬಂದಿದ್ದಾನೆ ಅಂತ ಹೇಳಿ, ಎಡಗಡೆ ಕೂತು ನನ್ನ ದನಿಯಲ್ಲಿ ಒಂದು ಹೂಂ ಅಂದೆ. ಮೆಲ್ಲಗೆ ಬಲಗಡೆಗೆ ಜರುಗಿ ಗಂಟಲು ದಪ್ಪ ಮಾಡಿಕೊಂಡು ಇನ್ನೊಂದು ಹೂಂ ಅಂದೆ.

“ನೆಗಡಿ ಬಂದ್ರೂ ಅವನು ಹಿಂಗನ್ನಲ್ಲ ಕಣೋ ಬೀರ,” ಅಂದಳು ಸೊಣ್ಣತ್ತೆ. “ಭಾನುವಾರ ಹೊಂಟೋಗ್ತೀನಿ. ಅಷ್ಟರೊಳಗೆ ಅವನ್ನ ಕರ್ಕೊಂಡು ಬಾ. ಇಲ್ದಿದ್ರೆ ಬರಲೇಬೇಡ.”

ರಾಮಾಂಜಿನಪ್ಪ ಆಗ ವಿಮಾನ ನಿಲ್ದಾಣ ಕಟ್ಟುವ ಕೂಲಿಯವರ ಶೆಡ್ಡುಗಳ ಹತ್ತಿರ ಟೀ ಅಂಗಡಿ ಇಟ್ಟಿದ್ದ. ಹೋಗಿ ಬೆಂಚಿನ ಮೇಲೆ ಕೂತೆ. ಅವನು ಹೆಂಡತಿಗೆ, ಯಾರೋ ಗಿರಾಕಿ ಬಂದವ್ರೆ ನೋಡು ಅಂದ. ಬೋಂಡ ಬಂತು. ಸುತ್ತಿದ್ದ ಕಾಗದ ನೋಡಿದರೆ ನಮ್ಮದೇ ಧ್ಯಾನದ ಪುಸ್ತಕದ ವೇಸ್ಟ್ ಹಾಳೆ. ಗುಜರಿಯವನಿಗೆ ನಾನು ಹಾಕಿದ್ದು ಇಲ್ಲಿಗೆ ಬರುತ್ತಿತ್ತು. ‘ಉಸಿರನ್ನು ಗಮನಿಸಿ’ ಅನ್ನುವ ಸಾಲಿನ ಮೇಲೆ ಎಣ್ಣೆ ಹರಡಿತ್ತು. ನನ್ನ ಉಸಿರು ಬುಸುಗುಟ್ಟುತ್ತಿತ್ತು.

“ನಿನ್ನ ಪುಸ್ತಕ ಎಲ್ಲಾ ಓದ್ತೀನಿ,” ಅಂದ ಅವನು, ಒಲೆಯ ಕಡೆ ನೋಡಿಕೊಂಡು. “ಆದ್ರೆ ಹಾಳೆ ಹಿಂದುಮುಂದಾಗಿ ಬರ್ತವೆ. ಶಾಂತಿ ಸಿಕ್ಕಾದ ಮ್ಯಾಲೆ ಕೋಪ ಬರ್ತದೆ.”

ಎದ್ದು ಹೊರಟೇಬಿಡೋಣ ಅನ್ನಿಸಿತು. ಎದ್ದೂ ಬಿಟ್ಟೆ. ಆದರೆ ಭಾನುವಾರ ಅತ್ತೆ ಟೆಂಪೋ ಹತ್ತಿದರೆ ಕಥೆಯೂ ಅವಳ ಜೊತೆ ಹತ್ತುತ್ತದೆ. ವಿಷಯ ಹೇಳಿದೆ. ಅವನು ಸಾವಕಾಶವಾಗಿ ಟೀ ಸೋಸಿದ. ಆಮೇಲೆ, ಯಾರನ್ನ ಕರೀತಾ ಇದೀಯ, ಹೆಸರಿಲ್ವಾ, ವರಸೆ ಇಲ್ವಾ ಅಂತ ಕೇಳಿದ. ಆ ಒಂದು ಮಾತು ಬಾಯಿಂದ ಹೊರಡುವಷ್ಟರಲ್ಲಿ ಬೋಂಡ ತಣ್ಣಗಾಯಿತು.

“ಅಣ್ಣ, ಬಾ,” ಅಂದೆ. ಬೈದ ಹಾಗೇ ಕೇಳಿಸಿರಬೇಕು. ಅವನು ಮಾತ್ರ ಟವೆಲ್ಲು ಹೆಗಲಿಗೆ ಹಾಕಿಕೊಂಡ.

ಶನಿವಾರ ಮಧ್ಯಾಹ್ನ ಸೊಣ್ಣತ್ತೆಯ ಜಗಲಿಯಲ್ಲಿ ಕೂತೆವು. ಮನೆಯ ಹೆಂಚು ಆಗಲೇ ಇಳಿಸಿದ್ದರಿಂದ ಒಳಗೆಲ್ಲ ಬಿಸಿಲು. ಟೇಪ್ ಒತ್ತಿದೆ. ಕಥೆ ಹೊರಟಿತು. ನಾನು ಹೂಂ ಅಂದರೆ ಅವನು ಅದಕ್ಕಿಂತ ಉದ್ದ ಹೂಂ. ಅವನಿಗಿಂತ ಮೊದಲೇ ನಾನು ಹೂಂ. ಎಮ್ಮೆಗಳೆರಡು ಪೈಪೋಟಿಗೆ ಬಿದ್ದ ಹಾಗಿತ್ತು. ಅಮ್ಮ ಬಳೆಗಾರ್ತಿಯ ವೇಷದಲ್ಲಿ ಬಂದಳು. ದಾಹವಾಯಿತು. ಮೇಗಳ ಮನೆಯಲ್ಲಿ ನೀರು ಕುಡಿದಳು, ಕೆಳಗಳ ಮನೆಯಲ್ಲಿ ನೀರು ಕುಡಿದಳು. ಬೇವಿನ ಮರದಡಿ ನಿಂತು, ಒಂದು ಮನೆ ನೀರು ಸಿಹಿ, ಒಂದು ಮನೆ ನೀರು ಉಪ್ಪು ಅಂದಳು.

ಹೂಂ ಅನ್ನುವುದು ಬಿಟ್ಟು ನಾನು, ಉಪ್ಪು ಯಾರ ಮನೆದು ಅಂತ ಊರಿಗೇ ಗೊತ್ತು ಅಂದುಬಿಟ್ಟೆ. ನಿಮ್ಮನೆ ಬಾವಿ ನೀರಲ್ಲಿ ಬೇಳೆ ಬೇಯ್ತಿರಲಿಲ್ಲ ಅಂದ ಅವನು. ಬಾವಿಯಿಂದ ಬದುವಿಗೆ, ಬದುವಿನಿಂದ ನಮ್ಮಪ್ಪಂದಿರಿಗೆ ಮಾತು ಹತ್ತಿತು. ಇಬ್ಬರೂ ಎದ್ದು ನಿಂತಿದ್ದೆವು. ಸೊಣ್ಣತ್ತೆ ಕಥೆ ನಿಲ್ಲಿಸಿದ್ದಾಳೆ ಅಂತ ಆಮೇಲೆ ಗೊತ್ತಾಯಿತು. ನಾಳೆ ಅವಳು ಹೋಗುತ್ತಾಳೆ, ನಾನೇ ಕೈಯಾರೆ ಕೆಡಿಸಿದೆ. ಅವಳು ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡಳು.

“ಆಯ್ತಾ? ಕೂತ್ಕೊಳಿ. ಇಲ್ಲಿಗೆ ಬಂದಾಗ ಎರಡು ಮನೆಯೋರೂ ಜಗಳ ಆಡಬೇಕು, ಅಮ್ಮ ಅದನ್ನ ನಿಂತು ಕೇಳ್ತಾಳೆ. ನಿಮ್ಮಪ್ಪಂದಿರು ಹೊಡೆದಾಡ್ಬಿಟ್ಟಿದ್ರು, ನೀವು ಪರವಾಗಿಲ್ಲ. ನೀವು ಎಲ್ಲಿ ಮಾತೇ ಆಡದೆ ಕೂತ್ಕೊಂಡು ಕಥೆ ನಿಲ್ಲಿಸ್ತೀರೋ ಅಂತಲೇ ನನಗೆ ಭಯ ಆಗಿತ್ತು.”

ಆಮೇಲೆ ಕೊನೆಯವರೆಗೂ ಹೇಳಿದಳು. ಸಿಹಿ ಯಾವುದು, ಉಪ್ಪು ಯಾವುದು ಅಂತ ಅಮ್ಮ ಹೇಳುವುದೇ ಇಲ್ಲ. ಬೇವಿನ ಬುಡದಲ್ಲಿ ಕೂತುಬಿಡುತ್ತಾಳೆ, ಅಷ್ಟೆ.

ನಮ್ಮ ಪ್ರೆಸ್ಸಿನಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸುವ ಹುಡುಗಿ ಚಂದನ, ಟೇಪ್ ಕೇಳಿ ಎಲ್ಲವನ್ನೂ ಹಾಗೇ ಹಾಕಿದಳು. ಹೂಂ, ಬೈಗುಳ, ಎಲ್ಲ. ಪ್ರೂಫ್ ನೋಡಿ ನನಗೆ ನಾಚಿಕೆಯಾಯಿತು. ಶಾಂತಿಯ ಪುಸ್ತಕ ಮಾಡುವವನು ಅಚ್ಚಿನಲ್ಲೇ ಬಾವಿಕಟ್ಟೆ ಜಗಳ ಆಡುವುದೇ? ಜಗಳ ಇಲ್ಲದೆ ಕಥೆ ಅರೆ ಅಂತ ಗೊತ್ತಿದ್ದೂ, ಪೆನ್ನಿನಲ್ಲಿ ನನ್ನ ಮಾತನ್ನು ಒಂದಷ್ಟು ಸಾಧುವಾಗಿ ತಿದ್ದಿದೆ. ಅವನ ಮಾತು ಹಾಗೇ ಬಿಟ್ಟೆ.

ರಾಮಾಂಜಿನಪ್ಪ ಅಂಗಡಿ ಮುಚ್ಚಿ ಪ್ರೂಫ್ ನೋಡಲು ಬಂದ. ನಿಂತಲ್ಲೇ ಓದಿ, “ನೀನು ಯಾವಾಗ ‘ದಯವಿಟ್ಟು’ ಅಂದೆಯೋ?” ಅಂದ. ತಿದ್ದಿದ್ದನ್ನೆಲ್ಲ ಹೊಡೆದುಹಾಕಿ, ನಾನು ಆಡಿದ್ದನ್ನು ಆಡಿದ ಹಾಗೇ ಬರೆಸಿದ. ನಾನು ಆಡದ ಒಂದನ್ನೂ ಸೇರಿಸಲು ನೋಡಿದ. ಅದಕ್ಕೆ ನಾನು ಬಿಡಲಿಲ್ಲ. ಟೇಪ್ ಹಾಕು ಅಂದ. ಹಾಕಿದೆವು. ನಮ್ಮ ಗಲಾಟೆಗೆ ಟೇಪೇ ಕೇಳಿಸಲಿಲ್ಲ. ಚಂದನ ಎದ್ದು, ಇಬ್ರೂ ಆಚೆ ಹೋಗಿ ಮುಗಿಸ್ಕೊಂಡು ಬನ್ನಿ ಅಂಕಲ್, ನಾನು ಪೇಜ್ ಕಟ್ಟಬೇಕು ಅಂದಳು.

ಹೋದೆವು. ಗಲ್ಲಿ ಮುಗಿಯಿತು, ಬಸ್ ಸ್ಟ್ಯಾಂಡು ದಾಟಿತು, ಕೋಟೆ ಬಾಗಿಲಿಗೆ ಬಂದಾಗಲೂ ಅವನು ಇನ್ನೂ ಬಾವಿಯ ಮಾತಿನಲ್ಲೇ ಇದ್ದ. ನಾನು ಹೂಂ ಅನ್ನಲಿಲ್ಲ. ಅವನನ್ನು ಬಿಟ್ಟು ಹಿಂದಕ್ಕೆ ತಿರುಗಲೂ ಇಲ್ಲ.