ಕೆ.ಆರ್. ಪುರದಿಂದ ಶಿವಾಜಿನಗರಕ್ಕೆ ಕ್ಯಾಲಿಪರ್ ಹಾಕಿಕೊಂಡು

ಬೆಳಿಗ್ಗೆ ಎಂಟೂವರೆಗೆ ಕೆ.ಆರ್. ಪುರದ ನಮ್ಮ ಬಾಡಿಗೆ ಮನೆಯಿಂದ ನಾನು ಮತ್ತು ಒಂಬತ್ತು ವರ್ಷದ ಮಗಳು ಗೌರಿ ಹೊರಟೆವು. ಶಿವಾಜಿನಗರಕ್ಕೆ ಹನ್ನೆರಡು ಹದಿಮೂರು ಕಿಲೋಮೀಟರು. ಕಾಶಿಯಾತ್ರೆಯೇನಲ್ಲ, ಆದರೂ ಹಿಂದಿನ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಹುಟ್ಟಿನಿಂದಲೇ ಸೆಟೆದುಕೊಂಡಿದ್ದ ಅವಳ ಎಡಗಾಲಿಗೆ ಆಸರೆಯಾಗಿ ನಾನೇ ಮಾಡಿದ ಕ್ಯಾಲಿಪರ್ ಹಾಕಿದ್ದೆ. ಎರಡು ಕಬ್ಬಿಣದ ಪಟ್ಟಿ, ಮೂರು ಚರ್ಮದ ಬೆಲ್ಟು, ಕೆಳಗೆ ಬೆರಳು ಕಾಣುವಂಥ ಬೂಟು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಮಾಡಿದ ಮೊದಲ ಕ್ಯಾಲಿಪರ್ ಅದು.

ಅದು ಎರಡು ಸಾವಿರದ ಎರಡನೆಯ ಇಸವಿಯ ಡಿಸೆಂಬರ್. ಅದಕ್ಕೂ ಮುಂಚೆ ಹತ್ತೊಂಬತ್ತು ವರ್ಷ ನಾನು ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದೆ. ಸ್ವಯಂ ನಿವೃತ್ತಿ ಎಂದು ಹೇಳಿ ಮನೆಗೆ ಕಳಿಸಿದರು. ಬಂದ ದುಡ್ಡೆಲ್ಲ ಗೌರಿಯ ಕಾಲಿನ ಆಪರೇಷನ್ನಿಗೆ ಹೋಯಿತು. ಹೆಂಡತಿ ಸರೋಜ ಗಾರ್ಮೆಂಟ್ಸಿಗೆ ಸೇರಿದಳು. ನಾನು ಶಿವಾಜಿನಗರದಲ್ಲಿ ಕ್ಯಾಲಿಪರ್ ಮಾಡುವ ಗಫೂರ್ ಸಾಹೇಬರ ಹತ್ತಿರ, ನನಗಿಂತ ಅರ್ಧ ವಯಸ್ಸಿನ ಹುಡುಗರ ಜೊತೆ ಕೂತು, ಚರ್ಮ ಕತ್ತರಿಸುವುದನ್ನು ಅ ಆ ಇ ಈ ಇಂದ ಕಲಿಯತೊಡಗಿದೆ. ಅವರ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಹೊಸಬನ ಮೊದಲ ಕ್ಯಾಲಿಪರ್ ಹಾಕಿಕೊಂಡವರು ಬಸ್ಸಿನಲ್ಲೇ ಬರಬೇಕು, ದಾರಿಯಲ್ಲಿ ಬಿಚ್ಚಬಾರದು.

"ಅಂಗ್ಡೀಲಿ ಹಾಕಿ ನೋಡಿದ್ರೆ ಎಲ್ಲಾ ಸರೀನೇ ಇರ್ತೈತೆ ಭಾಯ್," ಎಂದಿದ್ದರು ಅವರು. "ಬಸ್ಸಲ್ಲಿ ಅಲ್ಲಾಡ್ಕೊಂಡು ಬರ್ಲಿ, ಆಮೇಲೆ ಬಿಚ್ಚಿ ಕಾಲಿನ ಚಮ್ಡಾ ನೋಡೋಣ. ಕೆಂಪು ಗುರ್ತು ಇಪ್ಪತ್ತು ನಿಮಿಷಕ್ಕೆ ಹೋದ್ರೆ ನೀನು ಇಲ್ಲೇ ಇರು. ಹೋಗ್ಲಿಲ್ಲ ಅಂದ್ರೆ ಬೇರೆ ಕೆಲ್ಸ ನೋಡ್ಕೋ."

ಕೆಲಸ ಹೋಗುವ ಭಯ ಒಂದು ಕಡೆ. ಅದಕ್ಕಿಂತ ದೊಡ್ಡ ಭಯ ಗೌರಿಯದು. ಅವಳಿಗೆ ಮಾತು ಬರುವುದಿಲ್ಲ. ಖುಷಿಯಾದರೂ "ಊಂ", ನೋವಾದರೂ "ಊಂ". ಎರಡಕ್ಕೂ ಇರುವ ವ್ಯತ್ಯಾಸ ಸರೋಜಳಿಗೆ ಗೊತ್ತು, ಶಿಫ್ಟಿನಲ್ಲೇ ಆಯುಸ್ಸು ಕಳೆದ ನನಗೆ ಗೊತ್ತಿಲ್ಲ. ಹಿಂದಿನ ವರ್ಷ ಸರೋಜ ತವರಿಗೆ ಹೋದಾಗ, ಬೇರೆ ಕಡೆ ಮಾಡಿಸಿದ್ದ ಕ್ಯಾಲಿಪರ್ ಹಾಕಿಕೊಂಡು ಗೌರಿ ಮೂರು ದಿನ "ಊಂ ಊಂ" ಎಂದಿದ್ದಳು. ಖುಷಿಯಾಗಿದ್ದಾಳೆ ಎಂದುಕೊಂಡು ನಾನೂ ಜೊತೆಗೆ ಹಾಡಿದ್ದೆ. ಸರೋಜ ಬಂದು ಬಿಚ್ಚಿದಾಗ ಕಣಕಾಲಿನಲ್ಲಿ ಹುಣ್ಣಾಗಿತ್ತು. ಅದು ಒಣಗಲು ಎರಡು ತಿಂಗಳು ಹಿಡಿಯಿತು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ನನ್ನ ಟಿಕೆಟ್ಟು ಆರು ರೂಪಾಯಿ, ಅವಳಿಗೆ ಅರ್ಧ. ಚಳಿಯಿತ್ತು, ಅವಳಿಗೆ ಸ್ವೆಟರ್ ಹಾಕಿದ್ದೆ. ತೂಗುಸೇತುವೆಯ ಕೆಲಸ ನಡೆಯುತ್ತಿದ್ದುದರಿಂದ ರಸ್ತೆಯೆಲ್ಲ ಅಗೆದು ಹಾಕಿದ್ದರು. ಬಸ್ಸು ಒಂದೊಂದು ಗುಂಡಿಗೆ ಇಳಿದಾಗಲೂ ಕಬ್ಬಿಣ ಅವಳ ಮೂಳೆಗೆ ತಾಗಿದಂತೆ ನನಗನ್ನಿಸುತ್ತಿತ್ತು. ಅವಳು ಮುಂದಕ್ಕೆ ಬೀಳದಂತೆ ಅವಳ ತೋಳು ಹಿಡಿದುಕೊಂಡು ಕೂತೆ. ಟಿನ್ ಫ್ಯಾಕ್ಟರಿ ಹತ್ತಿರ ಅವಳು "ಊಂ" ಎಂದಳು. ನಾನು ಹಿಡಿತವನ್ನು ಇನ್ನೂ ಬಿಗಿ ಮಾಡಿದೆ.

ಬೈಯಪ್ಪನಹಳ್ಳಿ ಬರುವಷ್ಟರಲ್ಲಿ ಆ ಸದ್ದು ಇಡೀ ಬಸ್ಸಿಗೆ ಕೇಳುತ್ತಿತ್ತು. ಮುಂದಿನ ಸೀಟಿನ ತಮಿಳು ಹೆಂಗಸು ತಿರುಗಿ ನೋಡಿದರು. "ಅಯ್ಯೋ, ಕೊಳಂದೆ ಎಷ್ಟು ಅಳ್ತೈತೆ! ಆ ಕಬ್ಣ ಬಿಚ್ಬಿಡೀಪ್ಪಾ, ಪಾಪ."

"ಬಿಚ್ಚೋ ಹಾಗಿಲ್ಲಮ್ಮ," ಎಂದೆ.

"ಯಾರು ಹೇಳಿದ್ದು? ಡಾಕ್ಟ್ರಾ?"

ನನ್ನ ಕೆಲಸ ಉಳಿಯಲಿ ಎಂದು ಬಿಚ್ಚುತ್ತಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಇಂದಿರಾನಗರ ದಾಟುವಾಗ ಬಕಲ್ಲಿನ ಮೇಲೆ ಬೆರಳಿಟ್ಟೆ. ಒಂದು ತೂತು ಸಡಿಲ ಮಾಡಿದರೆ ಗಫೂರ್ ಸಾಹೇಬರಿಗೆ ಏನೂ ತಿಳಿಯುವುದಿಲ್ಲ. ಆದರೆ ಬೆಲ್ಟು ಸಡಿಲವಾದರೆ ಉಜ್ಜಿ ಉಜ್ಜಿ ಹುಣ್ಣಾಗುತ್ತದೆಂದು ಅವರೇ ಕಲಿಸಿದ್ದರು. ಬೆರಳು ತೆಗೆದೆ. ಅವಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. "ಊಂ" ಜೋರಾಯಿತು.

"ಸಾರ್, ಸ್ವಲ್ಪ ಇಳ್ಸಿ ನೀರ್ಗೀರು ಕುಡ್ಸಿ, ಹಿಂದೆ ಇನ್ನೊಂದ್ ಬಸ್ ಬರ್ತದೆ," ಎಂದ ಕಂಡಕ್ಟರ್. ಹಲಸೂರಿನಲ್ಲಿ ಇಳಿದೆವು.

ಅಲ್ಲೊಂದು ಸಣ್ಣ ಹೋಟೆಲಿನಲ್ಲಿ ಗೌರಿಯನ್ನು ಗೋಡೆಗೊರಗಿಸಿ ಕೂರಿಸಿ, ಎರಡು ಕೈಯಲ್ಲೂ ಇಡ್ಲಿ ಮುರಿದು ಸಾಂಬಾರಿನಲ್ಲಿ ನೆನೆಸತೊಡಗಿದೆ. ತಟ್ಟನೆ ಅವಳ ಸದ್ದು ನಿಂತಿತು. ಸಮಾಧಾನವಾಗಬೇಕಿತ್ತು, ಆದರೆ ಇನ್ನೊಂದು ಭಯ ಹುಟ್ಟಿತು. ರಕ್ತ ನಿಂತು ಕಾಲು ಜೋಮು ಹಿಡಿದರೆ ನೋವೂ ಗೊತ್ತಾಗುವುದಿಲ್ಲವಲ್ಲ! ಇಡ್ಲಿ ಬಿಟ್ಟು ನೆಲಕ್ಕೆ ಕೂತು ಅವಳ ಹೆಬ್ಬೆರಳಿನ ಉಗುರು ಒತ್ತಿದೆ. ಬಿಳಿಯಾಯಿತು, ಬಿಟ್ಟ ಕೂಡಲೇ ಕೆಂಪಾಯಿತು. ಮತ್ತೆ ಮತ್ತೆ ಒತ್ತಿದೆ. ರಕ್ತವೇನೋ ಓಡುತ್ತಿತ್ತು. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ, ನನಗೆ ನಂಬಿಕೆ ಬರಲಿಲ್ಲ. ಅವಳು ನೆಮ್ಮದಿಯಾಗಿ ಎರಡು ಇಡ್ಲಿ ತಿಂದಳು.

ಎರಡನೆಯ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಕಂಬಿಗೆ ಒರಗಿ, ಅವಳನ್ನು ನನ್ನ ಮುಂದೆ ನಿಲ್ಲಿಸಿ, ಬಿಗಿಯಾಗಿ ಹಿಡಿದುಕೊಂಡೆ. ಬಸ್ಸು ಹೊರಟದ್ದೇ ತಡ, ಮತ್ತೆ "ಊಂ" ಶುರುವಾಯಿತು. ಹಲಸೂರು ಕೆರೆ ಎಡಕ್ಕೆ ಬಂತೋ ಬಲಕ್ಕೆ ಬಂತೋ ನನಗೆ ಗೊತ್ತಾಗಲಿಲ್ಲ. ಹುಣ್ಣಾದರೆ ಸರೋಜಳಿಗೆ ಮುಖ ತೋರಿಸುವುದು ಹೇಗೆ ಎಂಬುದೊಂದೇ ಯೋಚನೆ. ಶಿವಾಜಿನಗರದಲ್ಲಿ ಇಳಿದು, ಅವಳನ್ನು ಎತ್ತಿಕೊಂಡು ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ಓಡಿದಂತೆಯೇ ಹೋದೆ.

ಗಫೂರ್ ಸಾಹೇಬರು ಬೆಲ್ಟುಗಳನ್ನು ಬಿಚ್ಚಿದರು. ಮಂಡಿಯ ಕೆಳಗೆ ಒಂದು, ಕಣಕಾಲಿನ ಹತ್ತಿರ ಒಂದು ಕೆಂಪು ಗುರುತಿತ್ತು. ನೀಲಿ ಪೆನ್ಸಿಲಿನಿಂದ ಎರಡರ ಸುತ್ತಲೂ ಗೆರೆ ಎಳೆದು ಗಡಿಯಾರ ನೋಡಿದರು. ಹುಡುಗರು ಸುತ್ತಿಗೆ ಕೆಳಗಿಟ್ಟು ನಮ್ಮನ್ನೇ ನೋಡುತ್ತಿದ್ದರು. ಹತ್ತು ನಿಮಿಷಕ್ಕೆ ಮಂಡಿಯ ಗುರುತು ಹೋಯಿತು. ಹದಿನೈದಕ್ಕೆ ಕಣಕಾಲಿನದೂ ಹೋಗಿ ಬರೀ ನೀಲಿ ಗೆರೆ ಉಳಿಯಿತು.

"ಪಾಸ್," ಎಂದರು ಅವರು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಸೆಕೆಯಾಗುತ್ತದೆಂದು ಅವರು ಗೌರಿಯ ಸ್ವೆಟರ್ ತೆಗೆದರು. ತೋಳಿನಂಚಿನಲ್ಲಿ ಏನೋ ಕಪ್ಪಗೆ ಕಂಡಿತು. ಫ್ರಾಕಿನ ತೋಳನ್ನು ಮೇಲೆ ಸರಿಸಿದರು. ಎಡತೋಳಿನ ಮೇಲೆ ನಾಲ್ಕು ಬೆರಳಿನ ಗುರುತುಗಳು ಅಚ್ಚೊತ್ತಿದಂತೆ ಕಪ್ಪುಗಟ್ಟಿದ್ದವು.

"ಇದ್ಯಾರು ಮಾಡಿದ್ದು ಭಾಯ್?"

ನನ್ನ ಬೆರಳುಗಳನ್ನು ಅವುಗಳ ಮೇಲಿಟ್ಟೆ, ನಾಲ್ಕೂ ಸರಿಯಾಗಿ ಕೂತವು. ಅವರು ಪೆನ್ಸಿಲ್ ತೆಗೆದು ಅವುಗಳ ಸುತ್ತಲೂ ಗೆರೆ ಎಳೆದರು. ಇಪ್ಪತ್ತು ನಿಮಿಷ ಕಳೆಯಿತು, ಅರ್ಧ ಗಂಟೆಯೂ ಆಯಿತು. ಅವು ಹೋಗಲಿಲ್ಲ.

"ಸೋಮವಾರ ಬಾ, ಕೆಲ್ಸ ಐತೆ," ಎಂದಷ್ಟೇ ಹೇಳಿ ಒಳಗೆ ಹೋದರು.

ವಾಪಸು ಬರುವಾಗ ಅದೇ ರಸ್ತೆ, ಅವೇ ಗುಂಡಿಗಳು. ಗೌರಿಗೆ ಮತ್ತೆ ಕ್ಯಾಲಿಪರ್ ಹಾಕಿದ್ದೆ. ಎರಡೂ ಕೈಯಿಂದ ಮುಂದಿನ ಸೀಟಿನ ಕಂಬಿ ಹಿಡಿದು, ಅವಳಿಗೆ ಅಡ್ಡಲಾಗಿ ತೋಳು ಚಾಚಿಕೊಂಡು ಕೂತೆ. ಬಸ್ಸು ಅಲ್ಲಾಡಿದಾಗಲೆಲ್ಲ ಅವಳು ನನ್ನ ತೋಳಿಗೆ ಬಂದು ತಾಗಿ, ಮತ್ತೆ ಹಿಂದಕ್ಕೆ ಒರಗುತ್ತಿದ್ದಳು. ಭಯ ಬೆಳಗಿನಷ್ಟೇ ಇತ್ತು. ಕೆ.ಆರ್. ಪುರ ಬರುವವರೆಗೆ ಅವಳು ಒಂದು ಸಲವೂ "ಊಂ" ಎನ್ನಲಿಲ್ಲ.

ಸರೋಜ ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ಕೇಳಿದಳು. "ಏನಾಯ್ತು? ಗುರುತು ಬಿತ್ತಾ?"

"ಬಿತ್ತು," ಎಂದೆ.

ಅವಳು ಮಗಳ ಕಾಲಿನ ಹತ್ತಿರ ಬಗ್ಗಿದಳು. ನಾನು ಅವಳನ್ನು ತಡೆದು, ಗೌರಿಯ ಫ್ರಾಕಿನ ತೋಳನ್ನು ಮೇಲೆ ಸರಿಸಿ ತೋರಿಸಿದೆ.